2700 ಕೋಟಿಯ ನಿದ್ದೆ

ಹತ್ತು ರೂಪಾಯಿ ಹೆಚ್ಚು ಖರ್ಚಾದರೂ ಎಲ್ಲಿ ಹೋಯಿತು ಎಂದು ಮೂರು ದಿನ ಯೋಚಿಸುವವರು ನಾವು ಹೆಂಗಸರು. ಸೊಪ್ಪಿನವಳ ಹತ್ತಿರ ಒಂದು ಕಟ್ಟು ಕೊತ್ತಂಬರಿಗೆ ಚೌಕಾಸಿ ಮಾಡುತ್ತೇವೆ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಇಡುತ್ತೇವೆ. ಹಬ್ಬಕ್ಕೆ ತಂದ ಬೆಲ್ಲ ಮಿಕ್ಕರೆ ಮುಂದಿನ ಹಬ್ಬದ ಡಬ್ಬಿಗೆ ಸೇರಿಸುತ್ತೇವೆ. ಅಂಥ ಹೆಂಗಸರಲ್ಲಿ ಒಬ್ಬಳಾದ ನಾನು, 2025ರ ಬೇಸಿಗೆ ರಜೆಯ ಒಂದು ರಾತ್ರಿ, 2700 ಕೋಟಿ ರೂಪಾಯಿಯ ಎದುರಿಗೆ ಕುಳಿತು ಗೊರಕೆ ಹೊಡೆದೆ ಎಂದರೆ ನೀವು ನಗಬಹುದು. ನಗಿ. ನಾನೂ ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ಆದದ್ದಿಷ್ಟು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ನಾಲ್ಕು ದಿನ ರಜೆ ಹಾಕಿ ತಿಪಟೂರಿಗೆ ಬಂದಿದ್ದ. ನಡುಮನೆಯ ಗೋಡೆಗೆ ದೊಡ್ಡ ಟೀವಿ ತಗುಲಿಸಿಕೊಟ್ಟವನೂ ಅವನೇ, ಅದಕ್ಕೆ ಓಟಿಟಿ ಹಾಕಿಸಿಕೊಟ್ಟವನೂ ಅವನೇ. ರಾತ್ರಿ ಊಟವಾದ ಮೇಲೆ, "ಅಮ್ಮ, ಇವತ್ತು ಒಂದು ದೊಡ್ಡ ಪಿಕ್ಚರ್ ನೋಡೋಣ, ಪಾತ್ರೆ ಆಮೇಲೆ ತೊಳಿ ಬಾ" ಎಂದು ಕರೆದ. ಎಂಬತ್ತೆರಡು ವರ್ಷದ ನಮ್ಮತ್ತೆ ದಿವಾನದ ಮೇಲೆ, ನಮ್ಮ ಯಜಮಾನರು ಈಸಿಚೇರಿನಲ್ಲಿ, ನಾನು ಅವರೆಕಾಳಿನ ಮೊರ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ. ಚಿತ್ರದ ಹೆಸರು 'ದಿ ಎಲೆಕ್ಟ್ರಿಕ್ ಸ್ಟೇಟ್'. ನೆಟ್‌ಫ್ಲಿಕ್ಸ್ ಅದನ್ನು ಆ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಅಮೆರಿಕದ ರುಸ್ಸೋ ಸಹೋದರರ ನಿರ್ದೇಶನ, ಮಿಲ್ಲಿ ಬಾಬಿ ಬ್ರೌನ್ ಮತ್ತು ಕ್ರಿಸ್ ಪ್ರ್ಯಾಟ್ ಎಂಬ ಹೆಸರಾಂತ ನಟರು. ಯಂತ್ರಮಾನವರು ಬಂದರು, ಹೊಡೆದಾಡಿದರು, ಬಿದ್ದರು, ಎದ್ದರು, ಮತ್ತೆ ಹೊಡೆದಾಡಿದರು. ಅತ್ತೆ ಎರಡು ಸಲ, "ಇದು ಯಾರ ಕಥೆಯೋ ಮಗಾ?" ಎಂದು ಕೇಳಿದರು. ಮೂರನೆಯ ಸಲ ಕೇಳಿದ್ದು ನನಗೆ ಕೇಳಿಸಲಿಲ್ಲ. ನಿದ್ದೆ ಬಂದಿತ್ತು.

ಎಚ್ಚರವಾದಾಗ ಚಿತ್ರ ಮುಗಿದು ಹೆಸರುಗಳು ಮೇಲೇರುತ್ತಿದ್ದವು. ಮಗ ಮೊಬೈಲಿನಲ್ಲಿ ಓದಿ ಹೇಳಿದ: "ಇದಕ್ಕೆ 320 ಮಿಲಿಯನ್ ಡಾಲರ್ ಖರ್ಚಾಗಿದೆಯಂತೆ ಅಮ್ಮ. ಪ್ರಪಂಚದ ಅತಿ ದುಬಾರಿ ಸಿನಿಮಾಗಳಲ್ಲಿ ಇದೂ ಒಂದು." ನಮ್ಮ ರೂಪಾಯಿಯಲ್ಲಿ ಎಷ್ಟಾಯಿತೋ ಎಂದೆ. ಆಗಿನ ದರದಲ್ಲಿ ಗುಣಿಸಿ, 2700 ಕೋಟಿಗೂ ಮೇಲೆ ಎಂದ. ಇದ್ದಬದ್ದ ನಿದ್ದೆಯೂ ಹಾರಿಹೋಯಿತು.

ನಾನು ಲೆಕ್ಕದ ಟೀಚರಲ್ಲ, ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಇಷ್ಟು ದೊಡ್ಡ ಮೊತ್ತ ಕಣ್ಣಿಗೆ ಕಟ್ಟಬೇಕಾದರೆ ನನಗೆ ಪಕ್ಕದಲ್ಲಿ ಇನ್ನೊಂದು ವಸ್ತು ಇಟ್ಟು ಅಳೆಯಬೇಕು. ನೆನಪಾದದ್ದು ಚಂದ್ರಯಾನ. 2023ರ ಆಗಸ್ಟ್ 23ರ ಸಂಜೆ ನಮ್ಮ ಶಾಲೆಯಲ್ಲಿ ಗಂಟೆ ಹೊಡೆದ ಮೇಲೂ ಮಕ್ಕಳನ್ನು ಉಳಿಸಿಕೊಂಡು, ಸ್ಟಾಫ್ ರೂಮಿನ ಟೀವಿಯನ್ನು ಜಗಲಿಗೆ ತಂದಿಟ್ಟು, ಬೆಂಗಳೂರಿನ ಇಸ್ರೋದಿಂದ ಬರುತ್ತಿದ್ದ ನೇರ ಪ್ರಸಾರ ತೋರಿಸಿದ್ದೆವು. ಆರು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಮಕ್ಕಳು ಕೂಗಿದ ಕೂಗಿಗೆ ಎದುರು ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು. ಆ ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಅಂದರೆ ನಾನು ನಿದ್ದೆ ಮಾಡಿದ ಆ ಒಂದು ಸಿನಿಮಾದ ದುಡ್ಡಿನಲ್ಲಿ ನಾಲ್ಕು ಸಲ ಚಂದ್ರನಿಗೆ ಹೋಗಿ, ಮಿಕ್ಕ ದುಡ್ಡಿನಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಬಹುದಿತ್ತು.

ಇದು ಸರಿಯಾದ ಹೋಲಿಕೆಯಲ್ಲ ಎಂದು ನೀವು ಹೇಳಬಹುದು. ವಿಜ್ಞಾನ ಬೇರೆ, ಮನರಂಜನೆ ಬೇರೆ. ಒಪ್ಪಿದೆ. ಚಂದ್ರನ ಮಾತು ಬಿಡೋಣ. ಸಿನಿಮಾವನ್ನು ಸಿನಿಮಾದ ಪಕ್ಕದಲ್ಲಿಯೇ ಇಟ್ಟು ನೋಡೋಣ.

ಆ ಚಿತ್ರದ ಕಥೆಯನ್ನು ಮಾರನೆಯ ದಿನ ಮಗನಿಂದ ಕೇಳಿ ತಿಳಿದೆ. ಬಿಟ್ಟುಹೋದ ಭಾಗವನ್ನು ಹಟಕ್ಕೆ ಬಿದ್ದು ನೋಡಿದೆ ಕೂಡ. ಯಂತ್ರಮಾನವರಿಗೂ ಮನುಷ್ಯರಿಗೂ ಯುದ್ಧ ನಡೆದು ಮುಗಿದ ಒಂದು ಕಲ್ಪಿತ ಅಮೆರಿಕ. ಅನಾಥಳಾದ ಹುಡುಗಿಯೊಬ್ಬಳು ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ಅಲ್ಲಿನ ಒಂದು ದೊಡ್ಡ ಕಂಪನಿ ಜನರಿಗೆ ತಲೆಗೆ ಹಾಕಿಕೊಳ್ಳುವ ಒಂದು ಟೋಪಿ ಮಾರಿದೆ. ಅದನ್ನು ಹಾಕಿಕೊಂಡು ಕುಳಿತರೆ ಸಾಕು, ಕುಳಿತಲ್ಲೇ ಸುಖ, ಕುಳಿತಲ್ಲೇ ಲೋಕ. ಮನೆ ಮನೆಯಲ್ಲೂ ಜನ ಅದನ್ನು ಹಾಕಿಕೊಂಡು ಮಂಕಾಗಿ ಬಿದ್ದಿದ್ದಾರೆ. ಕೊನೆಗೆ ಆ ಹುಡುಗಿ ಕೊಡುವ ಬುದ್ಧಿವಾದ ಏನು ಗೊತ್ತೇ? ಟೋಪಿ ತೆಗೆದಿಡಿ, ಹೊರಗೆ ಬನ್ನಿ, ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸಿ ಎಂದು! ಮನೆಯಿಂದ ಹೊರಗೆ ಕಾಲಿಡದೆ ಪರದೆಯ ಮುಂದೆ ಕುಳಿತಿರಲಿ ಎಂದೇ ನಮಗೆ ಚಂದಾ ಹಾಕಿಸಿಕೊಂಡ ಕಂಪನಿ, 2700 ಕೋಟಿ ಸುರಿದು ನಮಗೆ ಹೇಳುವ ಬುದ್ಧಿ ಇದು. ಬೀಡಿ ಕಟ್ಟಿನ ಮೇಲೆ ಬೀಡಿ ಸೇದಬೇಡಿ ಎಂದು ಅಚ್ಚು ಹಾಕಿದ ಹಾಗೆ.

ಇನ್ನೂ ಒಂದು ಮಾತಿದೆ. ಈ ಕಥೆಗೆ ಮೂಲ, ಸ್ವೀಡನ್ನಿನ ಚಿತ್ರಕಾರ ಸೀಮೊನ್ ಸ್ಟೋಲೆನ್‌ಹಾಗ್ ಬರೆದು ಬಿಡಿಸಿದ ಒಂದು ಪುಸ್ತಕ. ಅದರ ಪುಟಗಳನ್ನು ಮಗ ತೋರಿಸಿದ. ಖಾಲಿ ರಸ್ತೆ, ಮಂಜು, ಒಬ್ಬ ಹುಡುಗಿ, ಕೈ ಹಿಡಿದ ಒಂದು ಬೊಂಬೆಯಂಥ ಯಂತ್ರ. ನೋಡುತ್ತಿದ್ದರೆ ಎದೆಯಲ್ಲಿ ಏನೋ ಒಂದು ಥರ ಆಗುತ್ತದೆ. ಒಬ್ಬ ಮನುಷ್ಯ ಒಂಟಿಯಾಗಿ ಕುಳಿತು ಮಾಡಿದ್ದನ್ನು ನೂರಾರು ಜನ, ಸಾವಿರಾರು ಕೋಟಿ ಸೇರಿ ಹಾಳು ಮಾಡಿದರು. ಸಾರಿಗೆ ಉಪ್ಪು ಸಾಲದೆಂದು ತೋರಿದರೆ ಒಂದು ಚಿಟಿಕೆ ಹಾಕುತ್ತೇವೆ, ಚೀಲ ಸುರಿಯುವುದಿಲ್ಲ.

ಮಗನಿಗೆ ಇದೆಲ್ಲ ಹೇಳಿದೆ. ಅವನು ಸುಮ್ಮನಿರುವವನಲ್ಲ, ನನ್ನ ಮಗನಲ್ಲವೇ? "ನಿನ್ನ ದುಡ್ಡೇನು ಹೋಯ್ತಮ್ಮ? ಕಂಪನಿ ದುಡ್ಡು, ಕಂಪನಿ ಖರ್ಚು ಮಾಡಿದೆ. ತಿಂಗಳಿಗೆ ಒಂದು ಮಸಾಲೆದೋಸೆ ಕಾಫಿ ದುಡ್ಡಲ್ಲಿ ಪ್ರಪಂಚದ ಸಿನಿಮಾ ಎಲ್ಲ ಮನೆಗೆ ಬರ್ತಿದೆ. ದೊಡ್ಡ ಪಿಕ್ಚರಿಂದ ಸಾವಿರಾರು ಜನಕ್ಕೆ ಕೆಲಸ ಸಿಗುತ್ತೆ. ದೊಡ್ಡದನ್ನ ನೋಡೋಕೆ ಬಂದೋರು ಚಿಕ್ಕದನ್ನೂ ನೋಡ್ತಾರೆ. ಜಾತ್ರೆಗೆ ತೇರು ಬೇಕಲ್ವಾ?"

ಒಳ್ಳೆಯ ವಾದವೇ. ಅವನ ಮಾತನ್ನು ತಳ್ಳಿಹಾಕುವುದಕ್ಕೆ ಮೊದಲು ನಾನೂ ಎರಡು ಒಪ್ಪಿಕೊಳ್ಳುತ್ತೇನೆ. ದೊಡ್ಡ ದುಡ್ಡು ಹಾಕುವುದೇ ಪಾಪ ಎಂದು ನನ್ನ ಮಾತಲ್ಲ. 2019ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಎಂಬ ಹಿರಿಯ ನಿರ್ದೇಶಕ 'ದಿ ಐರಿಶ್‌ಮನ್' ಮಾಡಿದಾಗ, ಖರ್ಚು ಏರಿತೆಂದು ಹಾಲಿವುಡ್ಡಿನ ಹಳೆಯ ಸ್ಟುಡಿಯೋ ಹಿಂದೆ ಸರಿದಿತ್ತು. ಆಗ ದುಡ್ಡು ಕೊಟ್ಟದ್ದು ಇದೇ ನೆಟ್‌ಫ್ಲಿಕ್ಸ್. ಮೂರೂವರೆ ಗಂಟೆಯ ಆ ಚಿತ್ರದಲ್ಲಿ ಒಬ್ಬ ಮುದುಕ ತನ್ನ ಬಾಳಿನ ಪಾಪದ ಲೆಕ್ಕ ಒಪ್ಪಿಸುತ್ತಾನೆ. ಅವನ ಮಗಳು ಅವನ ಜೊತೆ ಮಾತು ಬಿಡುತ್ತಾಳೆ. ಅಂಥದ್ದಕ್ಕೆ ಕೋಟಿ ಸುರಿದರೆ ನನ್ನ ತಕರಾರಿಲ್ಲ. ಹಾಗೆಯೇ ಟಾಕೀಸಿಗೆ ಬರುವ ಭಾರಿ ಚಿತ್ರಗಳ ಮೇಲೂ ನನಗೆ ಇಷ್ಟೊಂದು ಕೋಪವಿಲ್ಲ. ಯಾಕೆಂದರೆ ಅಲ್ಲಿ ದುಡ್ಡು ಹಾಕಿದವನು ನನ್ನ ಮುಂದೆ ಕೈ ಚಾಚಿ ನಿಲ್ಲಬೇಕು.

ಇದೇ ಮುಖ್ಯ ಮಾತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮತ್ತೆ 1972ರಲ್ಲಿ ಪುಟ್ಟಣ್ಣ ಕಣಗಾಲರ 'ಶರಪಂಜರ' ನೋಡಲು ಓರಗಿತ್ತಿಯರ ಜೊತೆ ಎತ್ತಿನ ಗಾಡಿಯಲ್ಲಿ ಹೋಗಿದ್ದರಂತೆ. ನಾನು 1996ರ ಕೊನೆಯಲ್ಲಿ ಬಂದ 'ಜನುಮದ ಜೋಡಿ'ಗೆ ಒಂದು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಚಿತ್ರ ಚೆನ್ನಾಗಿದ್ದರೆ ಮಾರನೆಯ ದಿನ ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ದೇವಸ್ಥಾನದ ಜಗಲಿಯಲ್ಲಿ ಅದೇ ಮಾತು. ಚೆನ್ನಾಗಿಲ್ಲವೋ, ಮೂರನೆಯ ದಿನಕ್ಕೆ ಟಾಕೀಸು ಖಾಲಿ, ವಾರಕ್ಕೆ ರೀಲಿನ ಡಬ್ಬ ಬಸ್ಸು ಹತ್ತುತ್ತಿತ್ತು. ಕೈಯಲ್ಲಿ ಐದು ಹತ್ತು ರೂಪಾಯಿ ಇದ್ದ ನಾವು ಹೆಂಗಸರು ಒಂದು ಚಿತ್ರವನ್ನು ನೂರು ದಿನ ಓಡಿಸಬಲ್ಲವರಾಗಿದ್ದೆವು, ಮೂರು ದಿನಕ್ಕೆ ಇಳಿಸಬಲ್ಲವರೂ ಆಗಿದ್ದೆವು. ನಾವು ಹೋಗುತ್ತಿದ್ದ ಆ ಟಾಕೀಸು ಈಗ ಕಲ್ಯಾಣ ಮಂಟಪ. ಟಾಕೀಸಿನ ಜೊತೆ ನಮ್ಮ ಆ ಅಧಿಕಾರವೂ ಹೋಯಿತು.

ಓಟಿಟಿಯಲ್ಲಿ ನಾವು ಒಂದು ಚಿತ್ರಕ್ಕೆಂದು ದುಡ್ಡು ಕೊಡುವುದಿಲ್ಲ, ತಿಂಗಳಿಗೆಂದು ಕೊಡುತ್ತೇವೆ. ಹೀಗಾಗಿ ಇಂಥ ಚಿತ್ರ ಇಷ್ಟು ಗಳಿಸಿತು ಎಂಬ ಲೆಕ್ಕವೇ ಅಲ್ಲಿಲ್ಲ. ಟಾಕೀಸಿನ ಕಾಲದಲ್ಲಿ ದೊಡ್ಡ ನಟ ಚಿತ್ರ ಗೆದ್ದ ಮೇಲೆ ಲಾಭದಲ್ಲಿ ಪಾಲು ತೆಗೆದುಕೊಳ್ಳಬಹುದಿತ್ತು. ಓಟಿಟಿಯಲ್ಲಿ ಗಲ್ಲಾಪೆಟ್ಟಿಗೆ ಇಲ್ಲವಲ್ಲ, ಆದ್ದರಿಂದ ಮುಂದೆ ಬರಬಹುದಾಗಿದ್ದ ಆ ಪಾಲನ್ನೂ ಸೇರಿಸಿ ಮುಂಗಡವಾಗಿಯೇ ಕೊಟ್ಟುಬಿಡುತ್ತಾರೆ. ಚಿತ್ರ ಗೆಲ್ಲಲಿ ಸೋಲಲಿ, ನಟನ ಜೇಬಿಗೆ ಗೆಲುವಿನ ದುಡ್ಡು ಮೊದಲೇ ಬಿದ್ದಿರುತ್ತದೆ. ಖರ್ಚು ಮುಗಿಲು ಮುಟ್ಟಲು ಇದೂ ಒಂದು ಕಾರಣ. 2021ರ 'ರೆಡ್ ನೋಟಿಸ್', 2022ರ 'ದಿ ಗ್ರೇ ಮ್ಯಾನ್' — ಒಂದೊಂದಕ್ಕೂ ಸುಮಾರು 200 ಮಿಲಿಯನ್ ಡಾಲರ್ ಎಂದು ವರದಿಯಾಗಿತ್ತು. ಎರಡನೆಯದನ್ನೂ ಮಾಡಿದವರು ಇದೇ ರುಸ್ಸೋ ಸಹೋದರರು. ನಮ್ಮ ತಮಿಳಿನ ಧನುಷ್ ಅದರಲ್ಲಿ ಒಂದಿಷ್ಟು ಹೊತ್ತು ಬಂದು ಹೊಡೆದಾಡಿ ಹೋಗುತ್ತಾನೆ. ನಮ್ಮೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕೊಬ್ಬರಿ ಒಣಗಿದೆಯೋ ಇಲ್ಲವೋ ನೋಡದೆ ಯಾರೂ ಹರಾಜು ಕೂಗುವುದಿಲ್ಲ. ಇವರು ಕಾಯಿ ಮರದಲ್ಲಿರುವಾಗಲೇ ಕೊಬ್ಬರಿಯ ದುಡ್ಡು ಎಣಿಸಿಬಿಡುತ್ತಾರೆ.

ಹಾಗಾದರೆ ಚಿತ್ರ ಗೆದ್ದಿತೆಂದು ಹೇಳುವುದು ಹೇಗೆ? ಅದಕ್ಕೂ ಒಂದು ಲೆಕ್ಕವಿದೆ, ಕೇಳಿ. 2020ರ ಆರಂಭದಿಂದ 2021ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಚಿತ್ರವನ್ನು ಎರಡು ನಿಮಿಷ ನೋಡಿದರೆ ನೋಡಿದ ಲೆಕ್ಕ! ಎರಡು ನಿಮಿಷ ತರಗತಿಯಲ್ಲಿ ಕುಳಿತು ಎದ್ದು ಹೋದ ಹುಡುಗನಿಗೆ ಇಡೀ ದಿನದ ಹಾಜರಿ ಹಾಕಿದರೆ ಡಿಡಿಪಿಐ ನನ್ನನ್ನು ಬಿಟ್ಟಾರೆಯೇ? ಆಮೇಲೆ ಲೆಕ್ಕ ಬದಲಾಯಿತು. 2023ರಿಂದ ಎಲ್ಲರೂ ನೋಡಿದ ಒಟ್ಟು ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸುತ್ತಾರೆ. ಹತ್ತು ಜನ ಹತ್ತರಲ್ಲಿ ಒಂದು ಪಾಲು ನೋಡಿ ಬೇಸತ್ತು ಎದ್ದರೂ ಒಬ್ಬರು ಪೂರ್ತಿ ನೋಡಿ ಮೆಚ್ಚಿದ ಹಾಗೆಯೇ. ಇದರಲ್ಲಿ ನನಗೆ ತುಂಬ ನಾಟಿದ್ದು ಇದು: ನಾನು ಗೋಡೆಗೆ ಒರಗಿ ನಿದ್ದೆ ಹೊಡೆದಾಗಲೂ ಟೀವಿ ಓಡುತ್ತಿತ್ತು. ಆ ಹೊತ್ತೂ ಲೆಕ್ಕಕ್ಕೆ ಸೇರಿದೆ. ನನ್ನ ಗೊರಕೆಯೂ ಅವರ ಗೆಲುವಿನಲ್ಲಿ ಒಂದು ಮತ. ಬಿಡುಗಡೆಯಾದ ವಾರ ಅದೇ ಚಿತ್ರ ಅವರ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ವಿಮರ್ಶಕರಲ್ಲಿ ಬಹುಪಾಲು ಜನ ತೆಗಳಿದ್ದರೂ ಪಟ್ಟಿಗೆ ಅದರ ಗೊಡವೆ ಇಲ್ಲ.

ನಿನ್ನ ದುಡ್ಡೇನು ಹೋಯಿತು ಎಂದ ಮಗನಿಗೆ ಉತ್ತರವೂ ಇದರಲ್ಲೇ ಇದೆ. ಕಂಪನಿಯ ದುಡ್ಡು ಆಕಾಶದಿಂದ ಬರುವುದಿಲ್ಲ. 2025ರ ಜೂನ್‌ನಿಂದ ನಮ್ಮ ದೇಶದಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಚಿತ್ರಗಳ ನಡುವೆ ಜಾಹೀರಾತು ಬರತೊಡಗಿತು. ಅದು ಬೇಡವೆಂದರೆ ವರ್ಷಕ್ಕೆ 699 ರೂಪಾಯಿ ಬೇರೆ ಕೊಡಬೇಕೆಂದು ನಿಗದಿ ಮಾಡಿದರು. ಒಂದು ಕೈಯಲ್ಲಿ ಚಂದಾ, ಇನ್ನೊಂದು ಕೈಯಲ್ಲಿ ಸೋಪಿನ ಜಾಹೀರಾತು. ಹೋಗಲಿ, ದುಡ್ಡಿನ ಮಾತು ಬಿಡಿ. ಇಡೀ ದಿನ ಶಾಲೆ, ಮನೆ, ನೀರು, ನೆಂಟರು ಎಂದು ದುಡಿದ ಹೆಂಗಸಿಗೆ ತನ್ನದೆಂದು ಸಿಗುವ ಹೊತ್ತು ರಾತ್ರಿಯ ಎರಡು ಗಂಟೆ. ಆ ಎರಡು ಗಂಟೆಯನ್ನು ಈ ಚಿತ್ರ ತೆಗೆದುಕೊಂಡಿತು. ಬದಲಿಗೆ ನನಗೆ ಕೊಟ್ಟದ್ದು ಏನು? ಅದನ್ನು ಕೇಳುವ ಹಕ್ಕು ನನಗಿಲ್ಲವೇ?

ಮಾರನೆಯ ರಾತ್ರಿ ಮಗ, ನನ್ನ ಸಿಟ್ಟು ಇಳಿಸಲೆಂದೋ ಏನೋ, "ಇವತ್ತು ನಿನಗೆ ಹಿಡಿಸೋದು ಹಾಕ್ತೀನಿ" ಎಂದ. ಅದೂ ನೆಟ್‌ಫ್ಲಿಕ್ಸ್‌ನಲ್ಲಿಯೇ ಬಂದದ್ದು, 2018ರ 'ರೋಮಾ'. ಮೆಕ್ಸಿಕೋ ದೇಶದ ಚಿತ್ರ, ಅಲ್ಫಾನ್ಸೋ ಕ್ವಾರೋನ್ ಅದರ ನಿರ್ದೇಶಕ. ಕಪ್ಪು ಬಿಳುಪು. ಹೆಸರಾಂತ ನಟರಿಲ್ಲ. ವರದಿಯಾದ ಖರ್ಚು ಸುಮಾರು 15 ಮಿಲಿಯನ್ ಡಾಲರ್. ಅಂದರೆ ಹಿಂದಿನ ರಾತ್ರಿಯ ಒಂದು ಚಿತ್ರದ ಖರ್ಚಿನಲ್ಲಿ ಇಂಥವು ಇಪ್ಪತ್ತೊಂದು ಆಗುತ್ತಿದ್ದವು.

ಶುರುವಾಗುವುದೇ ನೆಲ ತೊಳೆಯುವ ನೀರಿನಿಂದ. 1970ರ ಸುಮಾರಿನ ಮೆಕ್ಸಿಕೋ ನಗರದ ಒಂದು ಮಧ್ಯಮ ವರ್ಗದ ಮನೆ. ಕ್ಲಿಯೋ ಎಂಬ ಹುಡುಗಿ ಅಲ್ಲಿ ಮನೆಗೆಲಸದವಳು. ನಾಯಿ ಹೊಲಸು ತೆಗೆಯುತ್ತಾಳೆ, ಮಕ್ಕಳನ್ನು ಏಳಿಸುತ್ತಾಳೆ, ಮಲಗಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಆ ಪಾತ್ರ ಮಾಡಿದ ಯಾಲಿಟ್ಸಾ ಅಪಾರಿಸಿಯೋಗೆ ಅದು ಮೊದಲ ಚಿತ್ರ. ಆಕೆ ಆಗಷ್ಟೇ ಶಿಶುವಿಹಾರದ ಶಿಕ್ಷಕಿಯಾಗಲು ಓದು ಮುಗಿಸಿದ್ದವಳು ಎಂದು ತಿಳಿದಾಗ ನನಗೆ ನಮ್ಮವಳೇ ಒಬ್ಬಳು ಎನ್ನಿಸಿತು. ಆಸ್ಕರ್ ಪ್ರಶಸ್ತಿಗೆ ಆಕೆಯ ಹೆಸರು ಹೋಯಿತು. ಚಿತ್ರಕ್ಕೆ 2019ರಲ್ಲಿ ಮೂರು ಆಸ್ಕರ್ ಬಂದವು. ನಿರ್ದೇಶಕ ತನ್ನನ್ನು ಸಾಕಿದ ಮನೆಗೆಲಸದಾಕೆಯನ್ನು ನೆನೆದು ಮಾಡಿದ ಚಿತ್ರ ಅದು, ಅವಳಿಗೇ ಅರ್ಪಿಸಿದ್ದಾನೆ.

ಅದರಲ್ಲಿ ಒಂದು ಕಡೆ ಮನೆಯವರೆಲ್ಲ ಟೀವಿ ನೋಡುತ್ತಿರುತ್ತಾರೆ. ಕ್ಲಿಯೋ ಸೋಫಾದ ಪಕ್ಕ ನೆಲದ ಮೇಲೆ ಕೂರುತ್ತಾಳೆ. ಹುಡುಗನೊಬ್ಬ ಅವಳ ಹೆಗಲ ಮೇಲೆ ಕೈ ಹಾಕುತ್ತಾನೆ. ಅವಳೂ ನಗುತ್ತಾ ನೋಡುತ್ತಾಳೆ. ಒಂದು ಗಳಿಗೆ ಅಷ್ಟೇ. ಯಜಮಾನರಿಗೆ ಚಹಾ ತಾ ಎಂದು ಮನೆಯೊಡತಿ ಹೇಳುತ್ತಾಳೆ. ಕ್ಲಿಯೋ ಎದ್ದು ಹೋಗುತ್ತಾಳೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ನಮ್ಮ ನಡುಮನೆಯಲ್ಲಿ ಇದ್ದಕ್ಕಿದ್ದಂತೆ ಮಾತು ನಿಂತಿತು.

ಯಾಕೆಂದರೆ ನಮ್ಮ ಮನೆಯಲ್ಲೂ ಒಬ್ಬಳಿದ್ದಳು. ನನ್ನ ಮಗನಿಗೆ ಒಂದು ವರ್ಷವಾದಾಗಿನಿಂದ, ನಾನು ಶಾಲೆಗೆ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಉಣಿಸಿ, ಮಲಗಿಸಿ ಬೆಳೆಸಿದವಳು. ಇಪ್ಪತ್ತೆರಡು ವರ್ಷ ಬಂದಳು. ನಾವೆಲ್ಲ ಅವಳನ್ನು 'ಅಕ್ಕ' ಎಂದೇ ಕರೆಯುತ್ತಿದ್ದೆವು. ಅಕ್ಕನಿಗೆ ಹಿತ್ತಿಲ ಜಗಲಿಯಲ್ಲಿ ಊಟ, ಅಕ್ಕನ ತಟ್ಟೆ ಲೋಟ ಬೇರೆ, ಬಚ್ಚಲ ಗೂಡಿನಲ್ಲಿ. ಅದು ಅತ್ತೆ ಮಾಡಿದ ಪದ್ಧತಿ ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಶಾಲೆಯಲ್ಲಿ ಸಮಾನತೆಯ ಪಾಠ ಮಾಡಿ ಸಂಜೆ ಬಂದು ಆ ತಟ್ಟೆಗೆ ದೂರದಿಂದ ಬಡಿಸಿದವಳು ನಾನು. ಚಿತ್ರ ಮುಗಿದ ಮೇಲೆ ಮಗ ಮೊಬೈಲ್ ತೆಗೆಯಲಿಲ್ಲ. ಖರ್ಚೆಷ್ಟು ಎಂದು ಓದಿ ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ, "ಅಕ್ಕ ಒಳಗೆ ಕೂತು ಊಟ ಮಾಡಿದ್ದು ನನಗೆ ನೆನಪೇ ಇಲ್ಲ ಅಲ್ವಾಮ್ಮ" ಎಂದ. ಅತ್ತೆ ದಿವಾನದ ಮೇಲೆ ಎಚ್ಚರವಾಗಿಯೇ ಇದ್ದರು. ಅವರು ಯಾರ ಕಥೆ ಎಂದು ಕೇಳಲಿಲ್ಲ.

2700 ಕೋಟಿಯ ಚಿತ್ರ ನನಗೆ ನಿದ್ದೆ ಬರಿಸಿತು. ಅದರ ಇಪ್ಪತ್ತರಲ್ಲಿ ಒಂದು ಪಾಲಿನ ಚಿತ್ರ ನನ್ನ ನಿದ್ದೆ ಕೆಡಿಸಿತು. ಖರ್ಚು ಸಾರ್ಥಕವೋ ವ್ಯರ್ಥವೋ ಎಂದು ಅಳೆಯಲು ನನಗೆ ಬೇರೆ ತಕ್ಕಡಿ ಗೊತ್ತಿಲ್ಲ.

ಈಗ ಮಗನ ತೇರಿನ ಮಾತಿಗೆ ಬರುತ್ತೇನೆ. ತೇರು ಬಂದರೆ ಜಾತ್ರೆ ಸೇರುತ್ತದೆ, ಬಳೆಯವನಿಗೂ ಪುರಿಯವನಿಗೂ ವ್ಯಾಪಾರವಾಗುತ್ತದೆ, ನಿಜ. ಆದರೆ ತೇರು ಬೀದಿಯಷ್ಟೇ ಅಗಲವಾದರೆ ಬಳೆಯವನು ಎಲ್ಲಿ ಕೂರಬೇಕು? ಮಲಯಾಳದ 'ದಿ ಗ್ರೇಟ್ ಇಂಡಿಯನ್ ಕಿಚನ್' ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಜಿಯೋ ಬೇಬಿ ನಿರ್ದೇಶಿಸಿದ, ಒಂದು ಅಡುಗೆಮನೆ, ಒಬ್ಬಳು ಸೊಸೆ, ಕಟ್ಟಿಕೊಂಡ ಸಿಂಕು — ಇಷ್ಟರಲ್ಲೇ ಮುಗಿಯುವ ಚಿತ್ರ. ದೊಡ್ಡ ಓಟಿಟಿ ಕಂಪನಿಗಳು ಅದನ್ನು ಮೊದಲು ಬೇಡವೆಂದವು. 2021ರ ಜನವರಿಯಲ್ಲಿ ನೀಸ್ಟ್ರೀಮ್ ಎಂಬ ಕೇರಳದ ಒಂದು ಸಣ್ಣ ಸಂಸ್ಥೆ ಅದನ್ನು ತೋರಿಸಿತು. ಹೆಂಗಸರು ಒಬ್ಬರಿಗೊಬ್ಬರು ಹೇಳಿ ಹೇಳಿ ಅದು ಮನೆ ಮನೆ ಮುಟ್ಟಿತು. ಆಮೇಲೆ ಅಮೆಜಾನ್ ಪ್ರೈಮ್ ಅದನ್ನು ತಾನೇ ಕರೆದುಕೊಂಡಿತು. ದಿನವೂ ಸಿಂಕು ತೊಳೆಯುವ ನಮ್ಮ ಬಾಳಿನಲ್ಲಿ ಕಥೆ ಇದೆ ಎಂದು ಅವರಿಗೆ ಮೊದಲು ಅನ್ನಿಸಲೇ ಇಲ್ಲ ನೋಡಿ.

ಕನ್ನಡದ ಪಾಡು ಇನ್ನೂ ಕಷ್ಟ. ನಮ್ಮ ಕರಾವಳಿಯ ಕಥೆಗಳನ್ನಿಟ್ಟುಕೊಂಡು ಮಾಡಿದ 'ಏಕಂ' ಎಂಬ ಕಥಾಸರಣಿಯನ್ನು ಯಾವ ಓಟಿಟಿಯೂ ತೆಗೆದುಕೊಳ್ಳದೆ, ರಕ್ಷಿತ್ ಶೆಟ್ಟಿಯವರ ಸಂಸ್ಥೆ 2024ರ ಜುಲೈನಲ್ಲಿ ತಾನೇ ಒಂದು ಜಾಲತಾಣ ಮಾಡಿ ತೋರಿಸಬೇಕಾಯಿತು. ಜೈಶಂಕರ್ ಆರ್ಯರ್ ನಿರ್ದೇಶನದ 'ಶಿವಮ್ಮ ಯರೇಹಂಚಿನಾಳ' ಇದೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಒಬ್ಬ ಬಡ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಬಡತನ ಕಳೆಯಲೆಂದು ಶಕ್ತಿ ಪುಡಿ ಮಾರುವ ಚೈನ್ ವ್ಯಾಪಾರಕ್ಕೆ ಇಳಿಯುತ್ತಾಳೆ. ಆ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ನಟನೆ ಕಲಿತವರಲ್ಲ, ಹಳ್ಳಿಯವರು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ 'ನ್ಯೂ ಕರೆಂಟ್ಸ್' ಪ್ರಶಸ್ತಿ ಬಂತು. ನಮ್ಮ ಚಿತ್ರಮಂದಿರಗಳಿಗೆ ಬರಲು 2024ರ ಜೂನ್ ಆಯಿತು. ನಾನು ಬೆಂಗಳೂರಿಗೆ ಮಗನ ಮನೆಗೆ ಹೋದಾಗ ಸೊಸೆಯ ಜೊತೆ ನೋಡಿದೆ. ಪರದೆಯ ಮೇಲೆ ಶಿವಮ್ಮ ದೊಡ್ಡ ಪಾತ್ರೆ ಇಳಿಸುವುದು ಕಂಡಾಗ, ನಮ್ಮ ಶಾಲೆಯ ಅಡುಗೆಯ ಹೆಂಗಸರನ್ನು ಬಸ್ಸು ಮಾಡಿ ಕರೆತರಬೇಕಿತ್ತು ಎನ್ನಿಸಿತು. ಅವರ ಬದುಕಿನ ಚಿತ್ರ ಕೊರಿಯಾದವರಿಗೆ ಮೊದಲು ಸಿಕ್ಕಿತು. ಅವರ ಮೊಬೈಲಿಗೆ ಬೇಡ ಬೇಡವೆಂದರೂ ಬಂದು ಬೀಳುವುದು ಯಂತ್ರಮಾನವರ ಪೋಸ್ಟರು.

ಹಾಗಾದರೆ ನಾವೇನು ಮಾಡಬೇಕು? ಚಂದಾ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ನಾನೇ ಕಿತ್ತಿಲ್ಲ, ಅದೇ ಚಂದಾದಲ್ಲಿ 'ರೋಮಾ' ನೋಡಿದವಳು. ಆದರೆ ನಮಗೆ ಅಧಿಕಾರ ಪೂರ್ತಿ ಹೋಗಿಲ್ಲ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ನಮ್ಮ ದೇಶದಲ್ಲಿ 499 ರೂಪಾಯಿಯ ಚಂದಾವನ್ನು 199ಕ್ಕೆ ಇಳಿಸಿತ್ತು. ನಮ್ಮ ಮೇಲಿನ ಪ್ರೀತಿಗೆ ಇಳಿಸಿತೇ? ಲೆಕ್ಕ ನೋಡಿ ಖರ್ಚು ಮಾಡುವ ನಮ್ಮ ಹಿಂಜರಿಕೆಗೆ ಅಷ್ಟು ತೂಕವಿದೆ ಎಂದಾಯಿತು.

ನಮ್ಮ ಗಂಟೆಗಳೇ ಅವರ ಲೆಕ್ಕ ಎಂದಾದರೆ, ನಮ್ಮ ಗಂಟೆಗಳನ್ನೇ ಕೈ ಬಿಗಿಹಿಡಿದು ಖರ್ಚು ಮಾಡೋಣ. ಹದಿನೈದು ನಿಮಿಷದಲ್ಲಿ ಹಿಡಿಸದಿದ್ದರೆ, ಎಷ್ಟು ಕೋಟಿಯದ್ದಾದರೂ ಆರಿಸಿಬಿಡಿ. ನಿದ್ದೆ ಬಂದರೆ ಟೀವಿ ಆರಿಸಿ ಮಲಗಿ. ನಿಮ್ಮ ಗೊರಕೆಯನ್ನು ಅವರಿಗೆ ದಾನ ಮಾಡಬೇಡಿ. ಹಿಡಿಸಿದ ಸಣ್ಣ ಚಿತ್ರವನ್ನು ಕೊನೆಯವರೆಗೂ ನೋಡಿ, ನೋಡಿದ ಮೇಲೆ ನಲ್ಲಿಕಟ್ಟೆಯ ಬದಲು ವಾಟ್ಸಾಪಿನಲ್ಲಾದರೂ ನಾಲ್ಕು ಜನಕ್ಕೆ ಹೇಳಿ. ಮಹಿಳಾ ಸಮಾಜದಲ್ಲಿ ತಿಂಗಳಿಗೊಮ್ಮೆ ರಂಗೋಲಿ ಸ್ಪರ್ಧೆಯ ಬದಲು ಕೂತು ಒಂದು ಒಳ್ಳೆಯ ಚಿತ್ರದ ಬಗ್ಗೆ ಮಾತಾಡಿದರೆ ಯಾರ ಮಡಿಯೂ ಕೆಡುವುದಿಲ್ಲ. 'ದಿ ಗ್ರೇಟ್ ಇಂಡಿಯನ್ ಕಿಚನ್' ಅನ್ನು ಬೇಡವೆಂದವರೇ ಕರೆದುಕೊಳ್ಳುವಂತೆ ಮಾಡಿದ್ದು ಹೆಂಗಸರ ಬಾಯಿಮಾತು. ಅದಕ್ಕೆ ಡಾಲರ್ ಬೇಕಾಗಿರಲಿಲ್ಲ.

ಮಗ ಬೆಂಗಳೂರಿಗೆ ಹೊರಡುವ ಹಿಂದಿನ ದಿನ ನಾವಿಬ್ಬರೂ ಅಕ್ಕನ ಮನೆಗೆ ಹೋದೆವು. ಈಗ ಅವಳಿಗೆ ಮಂಡಿ ನೋವು, ಕೆಲಸಕ್ಕೆ ಎಲ್ಲೂ ಹೋಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಾ ಎಂದು ಕರೆದುಕೊಂಡು ಬಂದೆವು. ಅವಳು ಅಭ್ಯಾಸದಂತೆ ಹಿತ್ತಿಲ ಕಡೆಗೆ ನಡೆದಳು. ಮಗ ಕೈ ಹಿಡಿದು ನಡುಮನೆಯಲ್ಲಿ ತನ್ನ ಪಕ್ಕ ಕೂರಿಸಿಕೊಂಡ. ಎಲ್ಲರಿಗೂ ಹಾಕುವ ತಟ್ಟೆಯನ್ನೇ ನಾನು ಅವಳಿಗೂ ಹಾಕಿದೆ. ಅತ್ತೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅವಳಿಗೆ ತುಪ್ಪ ಹಾಕು" ಎಂದರು. ಅಷ್ಟು ವರ್ಷ ಮಾಡಿದ್ದು ಒಂದು ಊಟದಲ್ಲಿ ತೀರುವುದಿಲ್ಲ ಎಂದು ನನಗೆ ಗೊತ್ತಿದೆ. ಆದರೆ ನನ್ನನ್ನು ಆ ಬಾಗಿಲವರೆಗೆ ನಡೆಸಿದ್ದು ನೆಲ ತೊಳೆಯುವ ನೀರಿನಿಂದ ಶುರುವಾಗುವ ಒಂದು ಚಿತ್ರ. ಮನುಷ್ಯರನ್ನು ಮುಟ್ಟಿ ಮಾತಾಡಿಸಿ ಎಂದು 2700 ಕೋಟಿಯಲ್ಲಿ ಕೂಗಿ ಹೇಳಿದವರಿಗೆ ಇದು ಆಗಲಿಲ್ಲ.